ತಳಾರನೂ ಪತ್ತೇದಾರನೂ

ಹುಣಸೂರಿನಿಂದ ನಾಗರಹೊಳೆಯ ಕಾಡಿಗೆ ಹೋಗುವ ದಾರಿಯಲ್ಲಿ ವೀರನಹೊಸಹಳ್ಳಿ ಎಂಬ ಗ್ರಾಮವುಂಟು. ಈಚಿನ ವರ್ಷಗಳಲ್ಲಿ ದಸರಾ ಮಹೋತ್ಸವದ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ಸ್ಥಳವೆಂದು ಅದರ ಹೆಸರು ವೃತ್ತಪತ್ರಿಕೆಗಳಲ್ಲಿ ಬರುತ್ತಿರುವುದರಿಂದ ವಾಚಕರಲ್ಲಿ ಅನೇಕರು ಅದನ್ನು ಬಲ್ಲರು. ಊರು ಮುಗಿದು ಅಡವಿ ಮೊದಲಾಗುವ ಇಂತಹ ಎಲ್ಲೆಗಳಲ್ಲಿ ನಮ್ಮ ಭಾಷೆಯ ಕೆಲವು ಮಾತುಗಳು ಇನ್ನೂ ತಮ್ಮ ಮೊದಲಿನ ಅರ್ಥದಲ್ಲಿಯೇ ನಿಂತಿವೆ. ಜಾಡು, ಹೆಜ್ಜೆ, ಸುಳಿವು, ಹೊಂಚು ಎಂಬಿವು ಅಂತಹ ಮಾತುಗಳು. ಕಾಡಿನ ಕಾವಲಿನಲ್ಲಿರುವ ಜೇನುಕುರುಬರಿಗೆ ಜಾಡೆಂಬುದು ಅಲಂಕಾರವಲ್ಲ. ಅದು ಕೆಸರಿನಲ್ಲಿ ಮೂಡಿದ ಗುರುತು, ಮುರಿದ ಕಡ್ಡಿ, ಇನ್ನೂ ಆರದ ಲದ್ದಿ. ಪಟ್ಟಣದಲ್ಲಿ ಕುಳಿತು, ಪತ್ತೇದಾರನು ಕೊಲೆಗಾರನ ಜಾಡನ್ನು ಹಿಡಿದನೆಂದು ಬರೆಯುವ ಕಾದಂಬರಿಕಾರನು ಆ ಮಾತನ್ನು ಬೇಡನಿಂದ ಎರವಲು ತಂದವನೇ ಆಗಿದ್ದಾನೆ.

ಆದರೆ ಎರವಲು ತಂದ ಮಾತಿನೊಡನೆ ಬಾರದೆ ಉಳಿದದ್ದೂ ಒಂದುಂಟು. ಹುಲಿಯು ತಾನು ಹುಲಿಯಲ್ಲವೆಂದು ವಾದಿಸುವುದಿಲ್ಲ; ಮನುಷ್ಯನು ವಾದಿಸುತ್ತಾನೆ. ಜಾಡನ್ನು ಹಿಡಿದು ಕೊನೆಗೆ ಮೃಗವನ್ನು ಕಂಡರೆ ಕಾಡಿನವನ ಕೆಲಸವು ಮುಗಿಯಿತು. ಕಳ್ಳನನ್ನು ಕಂಡ ಮೇಲೆಯೇ ತಳಾರನ ಕೆಲಸವು ಮೊದಲಾಗುವುದು. ತಾನು ಅರಿತುದನ್ನು ತನ್ನನ್ನು ನಂಬದ ಪರರಿಗೆ ಸ್ಥಾಪಿಸಿ ತೋರಿಸಬೇಕು. ತೋರಿಸಲಾರದೆ ಹೋದರೆ ಅರಿತದ್ದು ವ್ಯರ್ಥವಾಗುವುದಲ್ಲದೆ ಅಪವಾದವೂ ತನ್ನ ತಲೆಯ ಮೇಲೆಯೇ ಬೀಳುವುದು. ಅರಿವಿಗೂ ಪ್ರಮಾಣಕ್ಕೂ ನಡುವಣ ಈ ಅಂತರದಲ್ಲಿ ಸಿಕ್ಕಿಕೊಂಡ ಅಧಿಕಾರಿಯ ಸಂಕಟವೇ ಇಂದು ಕಾದಂಬರಿಯಲ್ಲಿಯೂ ಚಲಚ್ಚಿತ್ರದಲ್ಲಿಯೂ ಬಹು ಜನಪ್ರಿಯವಾಗಿರುವ ಪೋಲೀಸು ಕಥೆಗಳ ಜೀವಾಳವಾಗಿದೆ. ಮನಸ್ಸು ಒಡೆದ, ನಿದ್ದೆಗೆಟ್ಟ, ಮೇಲಧಿಕಾರಿಗಳಿಗೆ ಬೇಡವಾದ ಪತ್ತೇದಾರನೆಂಬ ಈ ಪಾತ್ರವನ್ನು ಪಾಶ್ಚಾತ್ಯರಿಂದ ನೇರವಾಗಿ ಬಂದುದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅದರ ಉಡುಪು ಅಲ್ಲಿಂದ ಬಂದುದು ನಿಜ. ಆದರೆ ಅದರ ಸಂಕಟವು ಕನ್ನಡಕ್ಕೆ ಹೊಸದಲ್ಲವೆಂಬುದನ್ನೂ, ನಮಗೆ ದೊರೆತಿರುವ ಅತ್ಯಂತ ಹಳೆಯ ಕಥಾಗದ್ಯದಲ್ಲಿಯೇ ಅದು ಪೂರ್ಣರೂಪದಲ್ಲಿ ಇದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ. ಹಳೆಯದರಿಂದ ಹೊಸದು ಹುಟ್ಟಿತೆಂಬ ವಂಶಾವಳಿಯನ್ನು ನಾನು ಕಟ್ಟುತ್ತಿಲ್ಲ. ಹಾಗೆ ಕಟ್ಟುವುದು ಸಾಹಸವಾದೀತು. ಒಂದೇ ಪ್ರಶ್ನೆಯು ಎರಡು ಕಾಲಗಳಲ್ಲಿ ಎದ್ದುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದಷ್ಟೇ ಇಲ್ಲಿ ಉದ್ದಿಷ್ಟವಾದುದು.

ಮೊದಲು ಶಬ್ದದ ವಿಚಾರ. ಊರ ಕಾವಲಿನ ಅಧಿಕಾರಿಗೆ ಹಳಗನ್ನಡದಲ್ಲಿ ತಳಾಱ ಎಂದು ಹೆಸರು. ನಾಗಾರ್ಜುನಕೊಂಡದ ಇಕ್ಷ್ವಾಕು ಅರಸರ ಪ್ರಾಕೃತ ಶಾಸನಗಳಲ್ಲಿ ಕಾಣುವ ಮಹಾತಳವರ ಎಂಬುದು ಈ ಬಳಗದ ಮಾತೇ ಆಗಿದ್ದು, ಅಲ್ಲಿ ಅದು ಅರಮನೆಯ ನಂಟರು ಧರಿಸುತ್ತಿದ್ದ ದೊಡ್ಡ ಬಿರುದಾಗಿದೆ. ತೆಲುಗಿನ ತಲಾರಿಯೂ ನಮ್ಮ ತಳವಾರನೂ ಇದರ ದಾಯಾದಿಗಳು. ಶಬ್ದವು ಕಾಲಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ಬಂದಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ತೋಟಿ, ನೀರಗಂಟಿ ಮೊದಲಾದ ಆಯಗಾರರ ಸಾಲಿನಲ್ಲಿ ತಳವಾರನೂ ಒಬ್ಬನಾಗಿ, ಕಣದ ಕಾಳಿಗೂ ಊರೊಳಗಣ ಕಳವಿಗೂ ಹೊಣೆಯಾಗಿದ್ದನು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿಯ ಕಾಯಿದೆಯಿಂದ ವಂಶಪಾರಂಪರ್ಯದ ಈ ಹುದ್ದೆಗಳು ಕೊನೆಗೊಂಡವು. ಹೆಸರು ಮಾತ್ರ ಮನೆತನಗಳಿಗೆ ಅಂಟಿಕೊಂಡು ಉಳಿದಿದೆ. ಪತ್ತೇದಾರ ಎಂಬುದಾದರೋ ಬೇರೆ ಜಾಯಮಾನದ ಮಾತು. ಉತ್ತರದಿಂದ ಬಂದ ಪತ್ತೆ ಎಂಬುದಕ್ಕೆ ಅಮಲ್ದಾರ, ಶಿರಸ್ತೇದಾರ ಎಂಬಲ್ಲಿರುವ ಪಾರಸೀ ಪ್ರತ್ಯಯವು ಸೇರಿ ಆದುದು. ಕಚೇರಿಯ ವಾಸನೆಯು ಈ ಮಾತಿಗೆ ಹುಟ್ಟಿನಿಂದಲೇ ಬಂದಿದೆ. ಆದರೆ ವಿನೋದವೇನೆಂದರೆ, ಮುಂದೆ ಹೇಳಲಿರುವಂತೆ, ಕನ್ನಡದ ಜನಪ್ರಿಯ ಪತ್ತೇದಾರನಿಗೆ ಕಚೇರಿಯ ಬಂಧನವೇ ಇರಲಿಲ್ಲ.

ಇನ್ನು ಕಥೆಗೆ ಬರೋಣ. ಶಿವಕೋಟ್ಯಾಚಾರ್ಯನದೆಂದು ರೂಢಿಯಾಗಿರುವ ವಡ್ಡಾರಾಧನೆಯನ್ನು ಹತ್ತನೆಯ ಶತಮಾನದ ಆದಿಭಾಗದ ಸುಮಾರಿಗೆ ಸೇರಿಸುವುದು ವಾಡಿಕೆ. ಡಿ. ಎಲ್. ನರಸಿಂಹಾಚಾರ್ಯರ ಪರಿಷ್ಕರಣವು ೧೯೪೯ರಲ್ಲಿ ಪ್ರಕಟವಾದ ಮೇಲೆ ಈ ಗ್ರಂಥವು ವಿದ್ವಾಂಸರ ಕೈಗೆ ಚೆನ್ನಾಗಿ ದೊರೆಯುವಂತಾಯಿತು. ಅದರ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದು. ಹೆಸರೇ ಸೂಚಿಸುವಂತೆ ಅದನ್ನು ನಾವು ರಿಸಿಯ ಕಥೆಯೆಂದು ಓದಿ, ರಿಸಿಯ ಕಥೆಯೆಂದೇ ಪಾಠ ಹೇಳಿ ಬಂದಿದ್ದೇವೆ. ಕಳ್ಳನು ತಪಸ್ವಿಯಾಗಿ ಉಪಸರ್ಗವನ್ನು ಸೈರಿಸಿ ಸದ್ಗತಿಯನ್ನು ಪಡೆಯುವುದು ಅದರ ಧಾರ್ಮಿಕ ಪ್ರಯೋಜನ. ಆದರೆ ಕಥೆಯ ಪೂರ್ವಾರ್ಧದ ಭಾರವನ್ನೆಲ್ಲ ಹೊರುವವನು ರಿಸಿಯಲ್ಲ, ಯಮದಂಡನೆಂಬ ತಳಾರನು. ಅವನ ಕಡೆಯಿಂದ ಕಥೆಯನ್ನು ಒಮ್ಮೆ ನೋಡಬೇಕು.

ಮಿಥಿಳೆಯ ಅರಸನಾದ ವಾಮರಥನ ಬಳಿ ಯಮದಂಡನು ತಳಾರನಾಗಿದ್ದಾನೆ. ಅದೇ ಪಟ್ಟಣದಲ್ಲಿ ವಿದ್ಯುಚ್ಚೋರನು ಹಗಲು ಕುಷ್ಠರೋಗಿಯ ರೂಪಿನಿಂದ ಪಾಳುದೇಗುಲದಲ್ಲಿ ಬಿದ್ದಿರುತ್ತಾನೆ. ಇರುಳು ಸುಂದರರೂಪವನ್ನು ತಾಳಿ ಕದ್ದ ಸಿರಿಯನ್ನು ಭೋಗಿಸುತ್ತಾನೆ. ಒಂದು ದಿನ ಅರಮನೆಯ ಅಮೂಲ್ಯವಾದ ಹಾರವು ಕಳವಾಗುತ್ತದೆ. ಅರಸನು ತಳಾರನನ್ನು ಕರೆಯಿಸಿ ಏಳು ದಿನಗಳ ಗಡುವನ್ನು ಕೊಡುತ್ತಾನೆ. ಅಷ್ಟರೊಳಗೆ ಕಳ್ಳನೂ ಹಾರವೂ ಬಾರದೆ ಹೋದರೆ ಕಳ್ಳನಿಗೆ ಸಲ್ಲುವ ಶಿಕ್ಷೆಯು ತಳಾರನಿಗೇ ಸಲ್ಲತಕ್ಕದ್ದು. ಇಲ್ಲಿ ನಿಲ್ಲಬೇಕು. ಗಡುವೆಂಬುದು ಇಂದಿನ ರೋಮಾಂಚಕ ಕಥೆಗಳ ಮೊದಲ ಉಪಾಯ. ಗಡಿಯಾರದ ಮುಳ್ಳು ತಿರುಗುತ್ತಿರುವುದನ್ನು ತೋರಿಸದ ಪೋಲೀಸು ಚಿತ್ರವೇ ವಿರಳ. ಆದರೆ ಹಳೆಯ ಕಥೆಯಲ್ಲಿ ಗಡುವು ಬರಿಯ ವೇಗವರ್ಧಕವಲ್ಲ, ತಳಾರನ ಮಾತಿನ ಬೆಲೆಯನ್ನೇ ಕಳೆಯುವ ಸಾಧನ. ಏಕೆಂದರೆ ಪ್ರಾಣಭಯದಲ್ಲಿರುವವನು ಏಳನೆಯ ದಿನ ಯಾರನ್ನು ಹಿಡಿದು ತಂದರೂ, ಇವನು ತನ್ನ ತಲೆಯನ್ನು ಉಳಿಸಿಕೊಳ್ಳಲು ಸಿಕ್ಕಿದವನನ್ನು ತಂದಿದ್ದಾನೆಂದು ನೋಡುವವರಿಗೆ ತೋರದಿರಲಾರದು. ಯಮದಂಡನು ಹಿಡಿದು ತಂದದ್ದಾದರೂ ಯಾರನ್ನು? ಪಾಳುಗುಡಿಯಲ್ಲಿ ಬಿದ್ದಿದ್ದ ಕುಷ್ಠರೋಗಿಯನ್ನು. ಊರಿನಲ್ಲಿ ಅವನಿಗಿಂತ ದುರ್ಬಲನಿಲ್ಲ, ಅವನಿಗಿಂತ ನಿರಪರಾಧಿಯಾಗಿ ಕಾಣುವವನೂ ಇಲ್ಲ.

ಅವನು ಕಳ್ಳನೆಂಬುದು ನಿಜ. ತಳಾರನು ತಪ್ಪಿಲ್ಲ. ಆದರೂ ಅರಸನ ಸಭೆಯ ಕಣ್ಣಿಗೆ ಈ ದೃಶ್ಯವು ಹೇಗೆ ಕಂಡಿರಬೇಕೆಂಬುದನ್ನು ಊಹಿಸಿ ನೋಡಿದರೆ, ಸತ್ಯವನ್ನು ಬಲ್ಲವನೇ ಕ್ರೂರನಾಗಿಯೂ ಸುಳ್ಳನಾಗಿಯೂ ಕಾಣುವ ವೈಪರೀತ್ಯವು ಮನಸ್ಸಿಗೆ ಬರುತ್ತದೆ. ಕಳ್ಳನು ತಾನು ಕಳ್ಳನಲ್ಲವೆನ್ನುತ್ತಾನೆ. ಯಮದಂಡನು ಅವನನ್ನು ಬಾಯಿಬಿಡಿಸಲು ಮೂವತ್ತೆರಡು ಬಗೆಯ ದಂಡನೆಗಳನ್ನು ಮಾಡುತ್ತಾನೆ. ಒಂದಕ್ಕೂ ಅವನು ಬಗ್ಗುವುದಿಲ್ಲ. ದಂಡನೆಗಳ ಪಟ್ಟಿಯು ಮುಗಿದಾಗ ತಳಾರನ ಬಲವೆಲ್ಲವೂ ಮುಗಿಯುತ್ತದೆ, ಅವನು ಸೋಲುತ್ತಾನೆ. ಆಗ, ಇನ್ನು ಹೇಳಬೇಕಾದ ಅಗತ್ಯವೇ ಇಲ್ಲದಿರುವಾಗ, ವಿದ್ಯುಚ್ಚೋರನು ತಾನಾಗಿಯೇ ಅರಸನ ಮುಂದೆ ತಳಾರನ ಮಾತು ದಿಟವೆಂದು ಒಪ್ಪಿಕೊಳ್ಳುತ್ತಾನೆ. ಇಷ್ಟು ನೋವನ್ನು ಹೇಗೆ ತಡೆದೆಯೆಂದು ಅರಸನು ಕೇಳಲು, ಮುನಿಯೊಬ್ಬನ ಬಾಯಿಂದ ನರಕದ ದುಃಖಗಳನ್ನು ಕೇಳಿದ್ದ ತನಗೆ ಇದೊಂದು ದೊಡ್ಡದಾಗಿ ತೋರಲಿಲ್ಲವೆನ್ನುತ್ತಾನೆ. ಮೆಚ್ಚಿದ ಅರಸನಲ್ಲಿ ಅವನು ಬೇಡುವುದೇನು? ತನ್ನ ಕೆಳೆಯನಾದ ಈ ತಳಾರನಿಗೆ ಅಭಯವನ್ನು.

ಕೆಳೆಯ ಎಂಬ ಮಾತಿನೊಡನೆ ಕಥೆಯು ಹಿಂದಕ್ಕೆ ತಿರುಗುತ್ತದೆ. ವಿದ್ಯುಚ್ಚೋರನು ಅರಸುಮಗನು, ಯಮದಂಡನು ಆ ಅರಸನ ತಳಾರನ ಮಗನು. ಇಬ್ಬರೂ ಒಟ್ಟಿಗೆ ಬೆಳೆದು ಒಟ್ಟಿಗೆ ಕಲಿತವರು. ಒಬ್ಬನು ಕಳ್ಳವಿದ್ಯೆಯನ್ನೂ ಮತ್ತೊಬ್ಬನು ತಳಾರನ ಶಾಸ್ತ್ರವನ್ನೂ ಅಭ್ಯಾಸ ಮಾಡಿ, ನೀನು ಕಾಯುವಲ್ಲಿ ನಾನು ಕದಿಯುತ್ತೇನೆಂಬ ಪಂಥವು ಎಳೆಯ ವಯಸ್ಸಿನಲ್ಲಿಯೇ ಅವರ ನಡುವೆ ಬಂದಿತ್ತು. ತಂದೆಯ ಪಟ್ಟವು ವಿದ್ಯುಚ್ಚೋರನಿಗೆ ಬಂದಾಗ ಯಮದಂಡನು ಆ ಪಂಥಕ್ಕೆ ಹೆದರಿ ನಾಡನ್ನೇ ಬಿಟ್ಟು ಮಿಥಿಳೆಗೆ ಬಂದನು. ಅರಸನು ಅವನನ್ನು ಅರಸಿಕೊಂಡು ಕಳ್ಳನಾಗಿ ಬಂದನು. ಆದಕಾರಣ ಮಿಥಿಳೆಯ ಕಳವು ಹಾರದ ಆಸೆಯಿಂದ ನಡೆದದ್ದಲ್ಲ. ಒಬ್ಬ ಮನುಷ್ಯನನ್ನು ಉದ್ದೇಶಿಸಿ ನಡೆದದ್ದು. ಪತ್ತೆ ಮಾಡುವವನೇ ಪತ್ತೆಯಾಗಬೇಕಾದವನೂ ಆಗಿದ್ದನು. ಕಳ್ಳನೂ ಕಾವಲಿನವನೂ ಒಂದೇ ಮನಸ್ಸಿನ ಎರಡು ಮಗ್ಗುಲುಗಳೆಂಬುದನ್ನು ಇಂದಿನ ಚಿತ್ರಗಳು ಬಹಳ ಶ್ರಮಪಟ್ಟು ಹೇಳುತ್ತವೆ. ವಡ್ಡಾರಾಧನೆಯು ಅದನ್ನು ಒಂದೇ ಪಾಠಶಾಲೆಯ ಇಬ್ಬರು ಹುಡುಗರಲ್ಲಿ ಇಟ್ಟು ಸುಮ್ಮನಾಗಿದೆ.

ಇಲ್ಲಿ ಒಂದು ಶಾಸ್ತ್ರವಿಚಾರವು ಪ್ರಕೃತವಾಗುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಆರೋಪಿಯನ್ನು ವಿಚಾರಿಸುವ ಮತ್ತು ದಂಡಿಸುವ ಕ್ರಮವು ವಿಸ್ತಾರವಾಗಿ ಬಂದಿದೆ. ಆ ಪ್ರಕರಣವನ್ನು ಓದುವಾಗ ಮೈ ಜುಮ್ಮೆನ್ನುವುದು ಸಹಜ. ಆದರೆ ಕೌಟಿಲ್ಯನು ಅಲ್ಲಿಯೇ ಒಂದು ಎಚ್ಚರಿಕೆಯನ್ನೂ ಇಟ್ಟಿದ್ದಾನೆ. ಕಳ್ಳನಲ್ಲದವನೂ ಕಳ್ಳರ ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕಿ, ಉಡುಪು ಆಯುಧಗಳ ಸಾಮ್ಯದಿಂದ ಹಿಡಿಯಲ್ಪಡಬಹುದು. ಅಣಿಮಾಂಡವ್ಯನು ನೋವಿನ ಭಯದಿಂದ, ತಾನು ಕಳ್ಳನಲ್ಲದಿದ್ದರೂ ಕಳ್ಳನೆಂದೇ ಹೇಳಿದನು. ಆದುದರಿಂದ ಪ್ರಮಾಣಗಳೆಲ್ಲವೂ ಪೂರ್ಣವಾದ ಮೇಲೆಯೇ ಶಿಕ್ಷೆಯನ್ನು ವಿಧಿಸಬೇಕೆಂಬುದು ಅವನ ಅಭಿಪ್ರಾಯ. ಮಾಂಡವ್ಯನನ್ನೂ ವಿದ್ಯುಚ್ಚೋರನನ್ನೂ ಎದುರುಬದುರಾಗಿ ನಿಲ್ಲಿಸಿ ನೋಡಿ. ಕಳ್ಳನಲ್ಲದವನು ನೋವಿಗೆ ಅಂಜಿ ಕಳ್ಳನೆಂದನು. ಕಳ್ಳನಾದವನು ನೋವನ್ನೆಲ್ಲ ಉಂಡೂ ಕಳ್ಳನಲ್ಲವೆಂದನು. ಮೊದಲನೆಯದು ದಂಡನೆಯು ಸುಳ್ಳನ್ನು ಹೊರಡಿಸಬಲ್ಲುದೆಂಬುದಕ್ಕೆ ನಿದರ್ಶನ. ಎರಡನೆಯದು ದಂಡನೆಯು ಸತ್ಯವನ್ನು ಹೊರಡಿಸಲಾರದೆಂಬುದಕ್ಕೆ ನಿದರ್ಶನ. ಈ ಎರಡೂ ಸೇರಿದರೆ ತಳಾರನ ಕೈಯಲ್ಲಿದ್ದ ಮೂವತ್ತೆರಡು ಆಯುಧಗಳಲ್ಲಿ ಒಂದೂ ಉಳಿಯುವುದಿಲ್ಲ.

ವಡ್ಡಾರಾಧನೆಯ ಕರ್ತೃವು ನ್ಯಾಯಶಾಸ್ತ್ರವನ್ನು ಬರೆಯಲು ಕುಳಿತವನಲ್ಲವೆಂಬುದು ನನಗೆ ತಿಳಿಯದ ಮಾತಲ್ಲ. ದಂಡನೆಯ ವರ್ಣನೆಯಲ್ಲಿ ಅವನ ಲಕ್ಷ್ಯವಿದ್ದುದು ಕಳ್ಳನ ಸಹನೆಯ ಮೇಲೆ, ಮುಂದೆ ಅವನು ರಿಸಿಯಾಗಿ ಸಹಿಸಲಿರುವ ಉಪಸರ್ಗಕ್ಕೆ ಇದು ಪೂರ್ವಸಿದ್ಧತೆ. ಆದರೂ ಕಥೆಯು ಕರ್ತೃವಿನ ಉದ್ದೇಶಕ್ಕಿಂತ ಹೆಚ್ಚನ್ನು ಹೇಳಿಬಿಡುವುದುಂಟು. ೧೮೭೨ರ ಸಾಕ್ಷ್ಯದ ಕಾಯಿದೆಯು ತನ್ನ ೨೫ನೆಯ ಪ್ರಕರಣದಲ್ಲಿ, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯು ಆರೋಪಿಗೆ ವಿರುದ್ಧವಾಗಿ ರುಜುವಾತಿಗೆ ಬಾರದೆಂದು ವಿಧಿಸಿತು. ೨೦೨೪ರ ಜುಲೈ ಮೊದಲನೆಯ ತಾರೀಖಿನಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಪ್ರಕರಣದಲ್ಲಿಯೂ ಆ ನಿಯಮವು ಉಳಿದಿದೆ. ಅಂದರೆ ಯಮದಂಡನು ಒಂದು ವೇಳೆ ಗೆದ್ದಿದ್ದರೂ ಇಂದಿನ ನ್ಯಾಯಾಲಯದಲ್ಲಿ ಅದು ಗೆಲವಲ್ಲ. ವಿದ್ಯುಚ್ಚೋರನು ಕೊನೆಯಲ್ಲಿ ಅರಸನ ಮುಂದೆ, ಬಲಾತ್ಕಾರವಿಲ್ಲದೆ ನುಡಿದ ಮಾತು ಮಾತ್ರ ಸಲ್ಲತಕ್ಕದ್ದು.

ಈಗ ಕಾಲವನ್ನು ಬಹು ದೂರ ದಾಟಿ ಪತ್ತೇದಾರನ ಬಳಿಗೆ ಬರಬೇಕಾಗಿದೆ. ನಡುವೆ ಗೂಢಚಾರರ ಕಥೆಗಳಿಲ್ಲವೆಂದಲ್ಲ; ೧೮೨೩ರ ಕೆಂಪುನಾರಾಯಣನ ಮುದ್ರಾಮಂಜೂಷದಲ್ಲಿ ವೇಷಧಾರಿಗಳ ಸಂತೆಯೇ ಇದೆ. ಆದರೆ ಗೂಢಚಾರನು ರಾಜ್ಯತಂತ್ರಕ್ಕೆ ಸೇರಿದವನು. ನಡೆದುಹೋದ ಒಂದು ಅಪರಾಧದ ಸತ್ಯವನ್ನು ತೋಡಿ ತೆಗೆಯುವುದು ಅವನ ಕೆಲಸವಲ್ಲ. ಆ ಕೆಲಸವನ್ನೇ ಮುಖ್ಯವಾಗಿಟ್ಟ ಕಥೆಯು ೧೮೪೧ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಬರೆದುದರಿಂದ ಮೊದಲಾಗಿ, ೧೮೮೭ರಲ್ಲಿ ಕಾಣಿಸಿಕೊಂಡ ಷೆರ್ಲಾಕ್ ಹೋಮ್ಸನಿಂದ ಲೋಕಪ್ರಸಿದ್ಧವಾಯಿತು. ಹೋಮ್ಸನು ಸರಕಾರದ ಸೇವಕನಲ್ಲ. ಯಾರೂ ಅವನಿಗೆ ಏಳು ದಿನಗಳ ಗಡುವನ್ನು ಕೊಡಲಾರರು; ಸೋತರೆ ಅವನ ಕೀರ್ತಿಗೆ ಕುಂದು ಬಂದೀತೇ ಹೊರತು ತಲೆಗಲ್ಲ.

ಕನ್ನಡದಲ್ಲಿ ಈ ಮಾದರಿಯನ್ನು ಮನೆಮನೆಗೂ ಮುಟ್ಟಿಸಿದವರಲ್ಲಿ ಎನ್. ನರಸಿಂಹಯ್ಯನವರು (೧೯೨೫–೨೦೧೧) ಅಗ್ರಗಣ್ಯರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಯನ್ನು ಕಂಡ ಈ ಲೇಖಕರು ಐನೂರಕ್ಕೆ ಮೇಲ್ಪಟ್ಟು ಕಾದಂಬರಿಗಳನ್ನು ಬರೆದರು. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರ ಸಾಹಸಗಳನ್ನು ಓದುವುದಕ್ಕಾಗಿಯೇ ಕನ್ನಡ ಅಕ್ಷರವನ್ನು ಗಟ್ಟಿಮಾಡಿಕೊಂಡವರು ಒಂದು ತಲೆಮಾರಿನಲ್ಲಿ ಕಡಮೆಯಿಲ್ಲ. ಕನ್ನಡ ಬಾವುಟದ ಕರ್ತೃವೆಂದು ಹೆಸರಾದ ಮ. ರಾಮಮೂರ್ತಿಗಳೂ (೧೯೧೮–೧೯೬೭) ಪತ್ತೇದಾರಿ ಕಾದಂಬರಿಕಾರರಾಗಿದ್ದರೆಂಬುದನ್ನು ಬಾವುಟವನ್ನು ಹಾರಿಸುವವರು ಎಷ್ಟು ಮಂದಿ ನೆನೆಯುತ್ತಾರೋ ತಿಳಿಯದು. ಈ ಕಾದಂಬರಿಗಳನ್ನು ನಮ್ಮ ವಿದ್ವದ್ವರ್ಗವು ಉಪೇಕ್ಷಿಸಿತು. ಉಪೇಕ್ಷೆಯು ಅನ್ಯಾಯವಾದುದೇ, ಓದುಗರನ್ನು ಹುಟ್ಟಿಸಿದ ಸಾಹಿತ್ಯಕ್ಕೆ ಸಾಹಿತ್ಯಚರಿತ್ರೆಯಲ್ಲಿ ಒಂದು ಪುಟವಾದರೂ ಸಲ್ಲಬೇಕು. ಆದರೆ ನಮ್ಮ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಒಂದು ಕೊರತೆಯನ್ನು ಒಪ್ಪಲೇಬೇಕು. ಪುರುಷೋತ್ತಮನಿಗೆ ಸಂಕಟವಿಲ್ಲ. ಅವನು ಜಾಣ, ಧೀರ, ಸಜ್ಜನ. ರಹಸ್ಯವು ಅವನ ಹೊರಗಿರುತ್ತದೆ. ಅದು ಬಯಲಾದ ಮೇಲೆಯೂ ಅವನು ಮೊದಲಿನಂತೆಯೇ ಇರುತ್ತಾನೆ, ಮುಂದಿನ ಪುಸ್ತಕಕ್ಕೆ ಸಿದ್ಧನಾಗಿ. ಯಮದಂಡನ ಕೆಲಸವು ಉಳಿಯಿತು, ಯಮದಂಡನ ಭಯವು ಹೋಯಿತು.

ಆ ಭಯವು ಮರಳಿ ಬಂದುದು ಪೋಲೀಸಿನವನನ್ನೇ ನಾಯಕನನ್ನಾಗಿ ಮಾಡಿದ ಕಥೆಗಳಲ್ಲಿ. ಎಚ್. ಕೆ. ಅನಂತರಾಯರು ಸುಧಾ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಅಂತ ಎಂಬ ಕಾದಂಬರಿಯು ೧೯೮೧ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನದಲ್ಲಿ ಚಲಚ್ಚಿತ್ರವಾಯಿತು. ಅದರಲ್ಲಿ ಇನ್‌ಸ್ಪೆಕ್ಟರ್ ಸುಶೀಲಕುಮಾರನು ತನ್ನನ್ನೇ ಹೋಲುವ ಕನ್ವರಲಾಲನೆಂಬ ಪಾತಕಿಯ ವೇಷವನ್ನು ತಾಳಿ ಪಾತಕಿಗಳ ಕೂಟವನ್ನು ಹೊಗುತ್ತಾನೆ. ಎರಡು ಪಾತ್ರಗಳನ್ನೂ ಅಂಬರೀಷರೇ ಧರಿಸಿದರು. ಗುಟ್ಟು ಹೊರಬಿದ್ದ ಮೇಲೆ ಅವನಿಗಾಗುವ ಚಿತ್ರಹಿಂಸೆಯ ದೃಶ್ಯಗಳು ಆ ಕಾಲದಲ್ಲಿ ದೊಡ್ಡ ವಿವಾದವನ್ನೇ ಎಬ್ಬಿಸಿದವು. ಆದರೂ, ಅಥವಾ ಅದರಿಂದಲೇ, ಚಿತ್ರವು ಜನಮನದಲ್ಲಿ ನಿಂತಿತು. ಅದೇ ವರ್ಷ ಹಿಂದಿಗೂ ಹೋಯಿತು.

ವಿದ್ಯುಚ್ಚೋರನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಿತ್ರವನ್ನು ನೋಡಿದವನಿಗೆ ಒಂದು ವಿಪರ್ಯಯವು ಕಾಣದೆ ಇರದು. ಅಲ್ಲಿ ಎರಡು ರೂಪಗಳಿದ್ದುದು ಕಳ್ಳನಿಗೆ; ಇಲ್ಲಿ ತಳಾರನಿಗೆ. ಅಲ್ಲಿ ದಂಡನೆಯನ್ನು ಸಹಿಸಿದವನು ಕಳ್ಳನು, ಇಲ್ಲಿ ತಳಾರನು. ಸಹಿಸಿದವನ ಕಡೆಗೆ ಕಥೆಯು ಒಲಿಯುತ್ತದೆಂಬ ನಿಯಮವು ಮಾತ್ರ ಎರಡರಲ್ಲಿಯೂ ಒಂದೇ. ಹಿಂಸೆಯನ್ನು ಮಾಡುವ ಕೈಯಲ್ಲಿ ಸತ್ಯವಿಲ್ಲವೆಂಬುದನ್ನು ಅಂತ ಕೂಡ, ತನ್ನ ಒರಟು ರೀತಿಯಲ್ಲಿ, ಒಪ್ಪಿಕೊಂಡಿದೆ. ಅದರ ತರುವಾಯ ಬಂದ ಅನೇಕ ಪೋಲೀಸು ಚಿತ್ರಗಳು ಈ ಒಪ್ಪಿಗೆಯನ್ನು ಮರೆತವು. ನಾಯಕನು ಠಾಣೆಯಲ್ಲಿ ಲಾಠಿಯನ್ನೆತ್ತಿದೊಡನೆ ಆರೋಪಿಯು ದಿಟವನ್ನೇ ಹೇಳುತ್ತಾನೆ, ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಮಾಂಡವ್ಯನು ಆ ಲಾಠಿಯ ಕೆಳಗೆ ಇದ್ದಿರಬಹುದಲ್ಲಾ ಎಂಬ ಸಂದೇಹವು ನಾಯಕನಿಗೂ ಬಾರದು, ಚಿತ್ರಕ್ಕೂ ಬಾರದು. ಸಾವಿರ ವರ್ಷದ ಹಿಂದಿನ ಧರ್ಮಕಥೆಗಿಂತ ಇವು ಈ ಒಂದು ವಿಷಯದಲ್ಲಿ ಹಿಂದೆ ಬಿದ್ದಿವೆಯೆಂದು ನಾನು ಎಣಿಸುತ್ತೇನೆ.

೨೦೧೯ರ ಏಪ್ರಿಲಿನಲ್ಲಿ ಹೊರಬಂದ, ಹೇಮಂತ್ ಎಂ. ರಾವ್ ಅವರ ಕವಲುದಾರಿ ಎಂಬ ಚಿತ್ರವು ಬೇರೆ ಹಾದಿಯನ್ನು ಹಿಡಿಯಿತು. ಅದರ ನಾಯಕ ಶ್ಯಾಮನು ಪೋಲೀಸಿನವನೇ ಹೌದು. ಆದರೆ ಬೀದಿಯ ವಾಹನಗಳನ್ನು ನಿಯಂತ್ರಿಸುವ ಶಾಖೆಯವನು. ನೆಲವನ್ನು ಅಗೆಯುವಾಗ ದೊರೆತ ಮಾನುಷ ಅಸ್ಥಿಗಳು ಅವನ ಮನಸ್ಸನ್ನು ಹಿಡಿಯುತ್ತವೆ. ಅವು ನಾಲ್ವತ್ತು ವರ್ಷಗಳ ಹಿಂದಿನವು. ಯಾರೂ ಅವನನ್ನು ವಿಚಾರಣೆಗೆ ನೇಮಿಸಿಲ್ಲ, ಬೇಡವೆಂದೇ ಹೇಳುತ್ತಾರೆ. ಹಿಂದೊಮ್ಮೆ ಆ ಪ್ರಕರಣವನ್ನು ಕೈಗೆತ್ತಿಕೊಂಡು ತೀರಿಸಲಾರದೆ ನಿವೃತ್ತನಾದ ಮುತ್ತಣ್ಣನೆಂಬ ಕಹಿಮನಸ್ಸಿನ ಮುದುಕನು, ಅನಂತನಾಗರ ಅಭಿನಯದಲ್ಲಿ, ಅವನಿಗೆ ಜೊತೆಯಾಗುತ್ತಾನೆ. ಒಬ್ಬನಿಗೆ ಅಧಿಕಾರವು ಇನ್ನೂ ಬಂದಿಲ್ಲ, ಮತ್ತೊಬ್ಬನಿಂದ ಅದು ಹೋಗಿಬಿಟ್ಟಿದೆ. ದಂಡಿಸುವ ಶಕ್ತಿಯಿಲ್ಲದ ಇಬ್ಬರು ತಳಾರರು ಬರಿಯ ಕಡತ, ನೆನಪು, ಕೇಳಿಕೆಗಳಿಂದ ಸತ್ಯದ ಕಡೆಗೆ ನಡೆಯುತ್ತಾರೆ. ಗಡುವು ಇಲ್ಲಿ ತಲೆಕೆಳಗಾಗಿದೆ: ಏಳು ದಿನಗಳ ಬದಲು ನಾಲ್ವತ್ತು ವರ್ಷಗಳು; ಬೇಗ ಹಿಡಿಯೆಂಬ ಆಜ್ಞೆಯ ಬದಲು ಬಿಟ್ಟುಬಿಡೆಂಬ ಬುದ್ಧಿವಾದ. ಆದರೆ ಮುತ್ತಣ್ಣನ ಮುಖದಲ್ಲಿ ಕಾಣುವುದು ಯಮದಂಡನಿಗೆ ಏಳನೆಯ ದಿನ ಬಂದ ಸ್ಥಿತಿಯೇ. ಬಲ್ಲೆನೆಂಬುದಕ್ಕೂ ತೋರಿಸಬಲ್ಲೆನೆಂಬುದಕ್ಕೂ ನಡುವೆ ನಿಂತು ಮನುಷ್ಯನು ಸವೆದುಹೋಗುವುದು. ಒಬ್ಬನು ಅದನ್ನು ಒಂದು ವಾರದಲ್ಲಿ ಅನುಭವಿಸಿದನು, ಮತ್ತೊಬ್ಬನು ಒಂದು ಆಯುಷ್ಯದಲ್ಲಿ.

ಈ ಚಿತ್ರದಲ್ಲಿಯೂ ದೋಷಗಳಿಲ್ಲದಿಲ್ಲ. ಎಳೆಗಳು ಹೆಚ್ಚಾಗಿ, ಕೊನೆಗೆ ಬಿಡಿಸುವಾಗ ಕೆಲವು ತುಂಡಾದಂತೆ ನನಗೆ ತೋರಿತು. ಅದು ಬೇರೆ ಮಾತು.

ಅಧ್ಯಾಪಕರಲ್ಲಿ ಒಂದು ವಿನಂತಿಯುಂಟು. ವಡ್ಡಾರಾಧನೆಯನ್ನು ಪಾಠ ಹೇಳುವಾಗ ಭಾಷೆಯ ಸೊಗಸಿಗೂ ಮತತತ್ತ್ವಕ್ಕೂ ನಾವು ಕೊಡುವ ಕಾಲದಲ್ಲಿ ಸ್ವಲ್ಪವನ್ನು ಈ ತಳಾರನಿಗೂ ಕೊಡಬಹುದು. ಪೋಲೀಸು ಚಿತ್ರಗಳನ್ನು ನೋಡಿ ಬೆಳೆದ ಇಂದಿನ ವಿದ್ಯಾರ್ಥಿಯು ಹಳಗನ್ನಡವೆಂದರೆ ಹಿಂಜರಿಯುತ್ತಾನೆಂದು ನಾವು ದೂರುತ್ತೇವೆ. ಏಳು ದಿನಗಳ ಗಡುವು, ಎರಡು ಮುಖದ ಕಳ್ಳ, ಬಾಲ್ಯದ ಕೆಳೆತನ, ಠಾಣೆಯ ಹಿಂಸೆ, ಸೋತ ಅಧಿಕಾರಿ, ಇವೆಲ್ಲವೂ ಅವನಿಗೆ ಪರಿಚಿತವೇ. ಅವನಿಗೆ ಅಪರಿಚಿತವಾದುದು ಒಂದೇ: ಪೆಟ್ಟು ತಿಂದ ಕಳ್ಳನು, ಬಿಡುಗಡೆಯ ಹೊಸ್ತಿಲಲ್ಲಿ ನಿಂತು, ತನ್ನನ್ನು ಹೊಡೆದವನ ತಲೆಯನ್ನು ಉಳಿಸುವುದಕ್ಕಾಗಿ ತನ್ನ ಅಪರಾಧವನ್ನು ಒಪ್ಪಿಕೊಳ್ಳುವುದು. ಇದನ್ನು ತರಗತಿಯಲ್ಲಿ ಓದಿ ನಿಲ್ಲಿಸಿ, ಆ ಕ್ಷಣದಲ್ಲಿ ಯಮದಂಡನು ಎತ್ತ ನೋಡುತ್ತಿದ್ದನೆಂದು ಹುಡುಗರನ್ನು ಕೇಳಬೇಕು.